ಉದ್ಯೋಗಿಗಳಿಗೆ ಆನ್‌ಲೈನ್ ತರಬೇತಿ: ಯಾವ ಕೆಲಸಕ್ಕೆ ಯಾವ ವಿಧಾನ?

ಸಂಸ್ಥೆಯೊಂದು ತನ್ನ ಉದ್ಯೋಗಿಗಳಿಗೆ ಆನ್‌ಲೈನ್ ತರಬೇತಿ ಕೊಡಲು ಮನಸ್ಸು ಮಾಡಿದಾಗ ಸಭೆಯಲ್ಲಿ ಮೊದಲು ಮಾತಿಗೆ ಬರುವುದು ಸಾಧನಗಳೇ. ಯಾವ ಎಲ್‌ಎಂಎಸ್ (ಕೋರ್ಸುಗಳನ್ನು ತಲುಪಿಸಿ, ಯಾರು ಕಲಿತರೆಂದು ದಾಖಲಿಸುವ ಸಾಫ್ಟ್‌ವೇರ್) ಕೊಳ್ಳಬೇಕು, ವಿಡಿಯೊ ಮಾಡಿಸಬೇಕೆ ಅಥವಾ ಸ್ಲೈಡುಗಳು ಸಾಕೆ, ಮೊಬೈಲ್ ಆ್ಯಪ್ ಇರಬೇಕೆ, ಎಐ ಬಳಸಿದರೆ ಖರ್ಚು ಎಷ್ಟು ಇಳಿಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವಷ್ಟರಲ್ಲಿ ಬಜೆಟ್ಟಿನ ಬಹುಪಾಲು ಹಂಚಿಹೋಗಿರುತ್ತದೆ. ತರಬೇತಿ ಮುಗಿದ ಮರುದಿನ ಉದ್ಯೋಗಿಯು ಯಾವ ಕೆಲಸವನ್ನು ಹಿಂದಿಗಿಂತ ಬೇರೆ ರೀತಿಯಲ್ಲಿ ಮಾಡಬೇಕು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿರುವುದಿಲ್ಲ. ಈ ಮಾರ್ಗದರ್ಶಿಯಲ್ಲಿ ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು, ಇಂದು ಬಳಕೆಯಲ್ಲಿರುವ ಮುಖ್ಯ ಆಯ್ಕೆಗಳನ್ನು ಹೋಲಿಸಿ ನೋಡಿದ್ದೇನೆ.

ಸಾಧನವನ್ನು ಹಿಂದಕ್ಕೆ ಸರಿಸಲು ಕಾರಣವಿದೆ. 1983ರಲ್ಲಿ ಅಮೆರಿಕದ ಸಂಶೋಧಕ ರಿಚರ್ಡ್ ಕ್ಲಾರ್ಕ್ ಅವರು, ಮಾಧ್ಯಮವೆಂಬುದು ಪಾಠವನ್ನು ತಲುಪಿಸುವ ವಾಹನವಷ್ಟೇ, ದಿನಸಿ ತಂದ ಲಾರಿಯಿಂದ ನಮ್ಮ ಪೌಷ್ಟಿಕತೆ ಹೇಗೆ ಬದಲಾಗುವುದಿಲ್ಲವೋ ಹಾಗೆಯೇ ಮಾಧ್ಯಮದಿಂದ ಕಲಿಕೆಯೂ ಬದಲಾಗುವುದಿಲ್ಲ ಎಂದು ವಾದಿಸಿದರು. ಈ ವಾದದ ಮೇಲೆ ಬಹಳ ಚರ್ಚೆ ನಡೆದಿದೆ. ಆದರೆ 2006ರಲ್ಲಿ ಟ್ರೇಸಿ ಸಿಟ್ಜ್‌ಮನ್ ಮತ್ತು ಸಂಗಡಿಗರು 96 ಸಂಶೋಧನಾ ವರದಿಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ ಬಂದ ಫಲಿತಾಂಶವೂ ಅದೇ ದಿಕ್ಕಿನಲ್ಲಿತ್ತು. ಸರಾಸರಿಯಲ್ಲಿ ಮಾಹಿತಿಯ ಕಲಿಕೆಗೆ ಆನ್‌ಲೈನ್ ತರಬೇತಿಯು ತರಗತಿಗಿಂತ ಸ್ವಲ್ಪ ಮೇಲೆನಿಸಿದರೂ, ಎರಡರಲ್ಲೂ ಒಂದೇ ಬೋಧನಾ ವಿಧಾನವನ್ನು ಬಳಸಿದ ಕಡೆಗಳಲ್ಲಿ ಆ ಅಂತರ ಇಲ್ಲವಾಯಿತು. ಅಂದರೆ ಫಲ ಕೊಡುವುದು ಅಭ್ಯಾಸ, ಉದಾಹರಣೆ, ತಪ್ಪು ತಿದ್ದುವಿಕೆ ಮತ್ತು ಕಲಿತದ್ದಕ್ಕೆ ಮರಳಿ ಬರುವುದು. ಅವು ಪರದೆಯ ಮೇಲೆ ನಡೆದವೋ ಕೋಣೆಯಲ್ಲಿ ನಡೆದವೋ ಎಂಬುದು ಎರಡನೆಯ ಮಾತು.

ಹಾಗಾಗಿ ಯಾವುದೇ ಆಯ್ಕೆಗೆ ಕೈಹಾಕುವ ಮುನ್ನ ಕೆಲಸದ ಬಗ್ಗೆ ಕೆಲವು ವಿಷಯಗಳನ್ನು ತಿಳಿದುಕೊಳ್ಳಬೇಕು. ಆ ಕೆಲಸ ದಿನವೂ ಬರುತ್ತದೆಯೇ ಅಥವಾ ವರ್ಷಕ್ಕೊಮ್ಮೆಯೇ, ಅದನ್ನು ಮಾಡುವಾಗ ನಿಂತು ನೋಡಿ ಯೋಚಿಸಲು ಪುರುಸೊತ್ತಿರುತ್ತದೆಯೇ, ತಪ್ಪಾದರೆ ಆಗುವ ಹಾನಿ ಎಷ್ಟು, ಮತ್ತು ಕಲಿಯುವವರು ಹೊಸಬರೋ ಅನುಭವಿಗಳೋ ಎಂಬುದು ಗೊತ್ತಾದರೆ ಮುಂದಿನ ಹೆಚ್ಚಿನ ತೀರ್ಮಾನಗಳು ತಾವಾಗಿಯೇ ಹೊರಬೀಳುತ್ತವೆ. ಈ ವಿವರಗಳು ವಿಭಾಗದ ಮುಖ್ಯಸ್ಥರಿಗಿಂತ, ಆ ಕೆಲಸವನ್ನು ನಿತ್ಯ ಮಾಡುವವರ ಪಕ್ಕದಲ್ಲಿ ಅರ್ಧ ದಿನ ಕುಳಿತರೆ ಚೆನ್ನಾಗಿ ಸಿಗುತ್ತವೆ.

ಕೋರ್ಸ್ ಬೇಕೆ, ಜಾಬ್ ಏಡ್ ಸಾಕೆ

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದು, ಮತ್ತು ಹೆಚ್ಚಿನ ಸಂಸ್ಥೆಗಳು ಇದನ್ನು ಆಯ್ಕೆಯೆಂದೇ ಪರಿಗಣಿಸುವುದಿಲ್ಲ. ಸಮಸ್ಯೆಯೊಂದು ಕಂಡೊಡನೆ ಅದಕ್ಕೊಂದು ಕೋರ್ಸ್ ಮಾಡಿಸುವುದು ರೂಢಿಯಾಗಿದೆ. ಬೋಧನಾ ವಿನ್ಯಾಸದ ಹಿರಿಯರಲ್ಲೊಬ್ಬರಾದ ರಾಬರ್ಟ್ ಮೇಗರ್ ಮತ್ತು ಅವರ ಜತೆಗಾರ ಪೀಟರ್ ಪೈಪ್ 1970ರಷ್ಟು ಹಿಂದೆಯೇ ಇದಕ್ಕೊಂದು ಸರಳ ಪರೀಕ್ಷೆಯನ್ನು ಹೇಳಿದ್ದರು: ಪ್ರಾಣವೇ ಪಣಕ್ಕಿದ್ದರೆ ಈ ವ್ಯಕ್ತಿ ಆ ಕೆಲಸವನ್ನು ಮಾಡಬಲ್ಲನೇ? ಮಾಡಬಲ್ಲನಾದರೆ ಕೊರತೆ ಇರುವುದು ಕೌಶಲದಲ್ಲಲ್ಲ. ಉಪಕರಣ ಸರಿಯಿಲ್ಲದಿರಬಹುದು, ನಿಯಮ ಪಾಲಿಸಿದವರಿಗೆ ಕೆಲಸ ತಡವಾಗಿ ಬೈಗುಳ ಸಿಗುತ್ತಿರಬಹುದು, ಅಥವಾ ಸಾಫ್ಟ್‌ವೇರಿನ ಸ್ಕ್ರೀನಿನಲ್ಲಿ ಭರ್ತಿ ಮಾಡಬೇಕಾದ ಜಾಗವೇ ಕಣ್ಣಿಗೆ ಬೀಳದಿರಬಹುದು. ಇಂಥ ಕಡೆ ಎಷ್ಟೇ ಸೊಗಸಾದ ಕೋರ್ಸ್ ಮಾಡಿಸಿದರೂ ಪ್ರಯೋಜನವಿಲ್ಲ. ತರಬೇತಿ ವಿಭಾಗ ಅದನ್ನು ಹೇಳುವ ಧೈರ್ಯ ತೋರಬೇಕು.

ಕೊರತೆ ಇರುವುದು ತಿಳಿವಳಿಕೆಯಲ್ಲೇ ಎಂದು ಖಚಿತವಾದ ಮೇಲೂ, ಆ ತಿಳಿವಳಿಕೆ ತಲೆಯಲ್ಲಿರಬೇಕೆ ಅಥವಾ ಕೈಗೆಟಕುವ ಕಡೆ ಬರೆದಿಟ್ಟರೆ ಸಾಕೆ ಎಂಬ ಪ್ರಶ್ನೆ ಉಳಿಯುತ್ತದೆ. ಕೆಲಸ ಮಾಡುತ್ತಿರುವಾಗಲೇ ನೋಡಿಕೊಳ್ಳಬಹುದಾದ ಒಂದು ಪುಟದ ಹಾಳೆ, ಚೆಕ್‌ಲಿಸ್ಟ್, ನಿರ್ಧಾರದ ನಕ್ಷೆ, ಸ್ಕ್ರೀನಿನಲ್ಲೇ ಮೂಡುವ ಸೂಚನೆ, ಇವೆಲ್ಲವನ್ನೂ ಈ ಕ್ಷೇತ್ರದಲ್ಲಿ ಜಾಬ್ ಏಡ್ ಎನ್ನುತ್ತಾರೆ. ಅಪರೂಪಕ್ಕೆ ಬರುವ, ಹಂತಗಳು ಹೆಚ್ಚಿರುವ, ಆಗಾಗ ಬದಲಾಗುವ ಮತ್ತು ನೋಡಿಕೊಂಡು ಮಾಡಲು ವೇಳೆ ಇರುವ ಕೆಲಸಕ್ಕೆ ಜಾಬ್ ಏಡ್ ಸೂಕ್ತ. ವರ್ಷಾಂತ್ಯದ ಲೆಕ್ಕ ಮುಚ್ಚುವುದನ್ನು ಕೋರ್ಸಿನಲ್ಲಿ ಕಲಿಸಿ ಹತ್ತು ತಿಂಗಳ ನಂತರ ನೆನಪಿರಲಿ ಎಂದು ಬಯಸುವುದಕ್ಕಿಂತ, ಆ ದಿನ ಎದುರಿಗಿಟ್ಟುಕೊಳ್ಳಲು ಒಳ್ಳೆಯ ಹಾಳೆಯೊಂದನ್ನು ಕೊಡುವುದು ಮೇಲು. ಸಿಟ್ಟಿನಲ್ಲಿರುವ ಗ್ರಾಹಕನೊಡನೆ ಮಾತನಾಡುವಾಗ, ಅಥವಾ ಯಂತ್ರದಿಂದ ಹೊಗೆ ಬರುತ್ತಿರುವಾಗ, ಹಾಳೆ ಹುಡುಕಲು ಸಮಯವಿರುವುದಿಲ್ಲ. ಅಲ್ಲಿ ಅಭ್ಯಾಸವೇ ಬೇಕು.

ಜಾಬ್ ಏಡಿನ ಶಕ್ತಿಗೂ ಮಿತಿಗೂ ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಚೆಕ್‌ಲಿಸ್ಟ್ ಒಳ್ಳೆಯ ಉದಾಹರಣೆ. 2008ರಲ್ಲಿ ಬಿಡುಗಡೆಯಾದ ಈ ಪಟ್ಟಿಯಲ್ಲಿ 19 ಅಂಶಗಳಿದ್ದವು. ಅರಿವಳಿಕೆ ಕೊಡುವ ಮುನ್ನ, ಚರ್ಮಕ್ಕೆ ಕತ್ತರಿ ಹಾಕುವ ಮುನ್ನ ಮತ್ತು ರೋಗಿಯನ್ನು ಹೊರಗೆ ಕರೆದೊಯ್ಯುವ ಮುನ್ನ ತಂಡ ನಿಂತು ಅವನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳಬೇಕಿತ್ತು. ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೂ, ತೊಡಕುಗಳ ಪ್ರಮಾಣ ಶೇ 11ರಿಂದ ಶೇ 7ಕ್ಕೂ ಇಳಿಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳು ಇದೇ ಬಗೆಯ ಚೆಕ್‌ಲಿಸ್ಟ್ ಜಾರಿಗೆ ತಂದ ನಂತರದ ಅಂಕಿ ಅಂಶಗಳನ್ನು ಸಂಶೋಧಕರು 2014ರಲ್ಲಿ ಪ್ರಕಟಿಸಿದಾಗ ಗಮನಾರ್ಹ ಇಳಿಕೆ ಕಾಣಲಿಲ್ಲ. ಮೊದಲ ಅಧ್ಯಯನದಲ್ಲಿ ಪಟ್ಟಿಯ ಜತೆಗೆ ತಂಡಗಳಿಗೆ ಉಪನ್ಯಾಸ, ಲಿಖಿತ ಸಾಮಗ್ರಿ ಮತ್ತು ನೇರ ಮಾರ್ಗದರ್ಶನವೂ ದೊರಕಿತ್ತು. ಎರಡು ಫಲಿತಾಂಶಗಳ ನಡುವಿನ ಅಂತರಕ್ಕೆ ಕಾರಣಗಳು ಹಲವಿರಬಹುದಾದರೂ ನಾನು ಇದರಿಂದ ತೆಗೆದುಕೊಳ್ಳುವ ಸೂಚನೆ ಸ್ಪಷ್ಟ. ಹಾಳೆಯನ್ನು ಹಂಚಿ ಕೈತೊಳೆದುಕೊಳ್ಳುವಂತಿಲ್ಲ. ಅದನ್ನು ಯಾವಾಗ ತೆಗೆಯಬೇಕು, ಯಾರು ಓದಬೇಕು, ಏಕೆ ನಿಲ್ಲಬೇಕು ಎಂಬುದನ್ನು ಅಭ್ಯಾಸ ಮಾಡಿಸುವ ಚಿಕ್ಕ ತರಬೇತಿ ಜತೆಗಿರಲೇಬೇಕು. ಬಹಳಷ್ಟು ಸಂದರ್ಭಗಳಲ್ಲಿ ಗಂಟೆಗಟ್ಟಲೆಯ ಕೋರ್ಸಿನ ಬದಲು ಒಂದು ಹಾಳೆ ಮತ್ತು ಹದಿನೈದು ನಿಮಿಷದ ಅಭ್ಯಾಸದ ಜೋಡಿಯೇ ಸರಿಯಾದ ಉತ್ತರವಾಗಿರುತ್ತದೆ.

ಲೈವ್ ತರಗತಿ, ಸ್ವಂತ ವೇಗದ ಕೋರ್ಸ್, ಎರಡರ ಮಿಶ್ರಣ

ತರಬೇತಿ ಬೇಕೇ ಬೇಕೆಂದಾದಾಗ ಮುಂದಿನ ಆಯ್ಕೆ, ಎಲ್ಲರೂ ಒಂದೇ ಹೊತ್ತಿಗೆ ಸೇರುವ ಲೈವ್ ಆನ್‌ಲೈನ್ ತರಗತಿಯೋ ಅಥವಾ ಒಬ್ಬೊಬ್ಬರೂ ತಮಗೆ ಅನುಕೂಲವಾದಾಗ ಮಾಡಿ ಮುಗಿಸುವ ಕೋರ್ಸೋ ಎಂಬುದು. ಖರ್ಚಿನ ಲೆಕ್ಕದಲ್ಲಿ ಇವೆರಡರ ಸ್ವಭಾವ ಬೇರೆ. ಸ್ವಂತ ವೇಗದ ಕೋರ್ಸಿಗೆ ಆರಂಭದಲ್ಲೇ ದೊಡ್ಡ ಖರ್ಚಾಗುತ್ತದೆ, ನಂತರ ನೂರು ಜನ ಕಲಿತರೂ ಹತ್ತು ಸಾವಿರ ಜನ ಕಲಿತರೂ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಲೈವ್ ತರಗತಿಯನ್ನು ಒಂದು ವಾರದಲ್ಲಿ ಸಿದ್ಧಪಡಿಸಬಹುದು, ಆದರೆ ಪ್ರತಿ ತಂಡಕ್ಕೂ ತರಬೇತುದಾರರ ಸಮಯ ಮತ್ತೆ ಮತ್ತೆ ತಗಲುತ್ತದೆ. ವಿಷಯ ಇನ್ನೂ ಬದಲಾಗುತ್ತಿದ್ದರೆ, ಉದಾಹರಣೆಗೆ ಹೊಸ ಸಾಫ್ಟ್‌ವೇರಿನ ಮೊದಲ ಆವೃತ್ತಿ ಆಗಷ್ಟೇ ಬಂದಿದ್ದರೆ, ಲೈವ್ ತರಗತಿಯಲ್ಲೇ ಶುರುಮಾಡಿ, ಕಲಿಯುವವರು ಎಲ್ಲಿ ಎಡವುತ್ತಾರೆ ಎಂಬುದನ್ನು ಬರೆದಿಟ್ಟುಕೊಂಡು, ವಿಷಯ ನೆಲೆಗೊಂಡ ಮೇಲೆ ಕೋರ್ಸ್ ಮಾಡುವುದು ವಿವೇಕ. ಕೋರ್ಸಿನ ಅಂದಾಜು ವೆಚ್ಚಕ್ಕೆ ತಿದ್ದುಪಡಿಯ ವೆಚ್ಚವನ್ನೂ ಸೇರಿಸಬೇಕು. ಪಾತ್ರಧಾರಿಗಳನ್ನು ಕರೆಸಿ ಚಿತ್ರೀಕರಿಸಿದ ವಿಡಿಯೊದಲ್ಲಿ ಒಂದೇ ಒಂದು ನಿಯಮ ಬದಲಾದರೂ ಇಡೀ ದೃಶ್ಯವನ್ನು ಮತ್ತೆ ಚಿತ್ರೀಕರಿಸಬೇಕಾಗುತ್ತದೆ, ಆದರೆ ಪಠ್ಯ ಮತ್ತು ಚಿತ್ರಗಳ ಪುಟವನ್ನು ಅರ್ಧ ಗಂಟೆಯಲ್ಲಿ ತಿದ್ದಬಹುದು.

ಕಲಿಕೆಯ ಲೆಕ್ಕದಲ್ಲಿ ಲೈವ್ ತರಗತಿಯ ಬೆಲೆ ಇರುವುದು ಇನ್ನೊಬ್ಬ ಮನುಷ್ಯನ ಪ್ರತಿಕ್ರಿಯೆಯಲ್ಲಿ. ಸಂದರ್ಶನ ನಡೆಸುವುದು, ಕೆಲಸದ ಗುಣಮಟ್ಟದ ಬಗ್ಗೆ ಸಹೋದ್ಯೋಗಿಗೆ ಕಹಿ ಮಾತು ಹೇಳುವುದು, ಚೌಕಾಸಿ ಮಾಡುವುದು, ಇಂಥವುಗಳಲ್ಲಿ ಕಲಿಯುವವನು ಬಾಯಿಬಿಟ್ಟು ಮಾತನಾಡಬೇಕು ಮತ್ತು ಅದನ್ನು ಕೇಳಿಸಿಕೊಂಡು ತಿದ್ದುವವರು ಬೇಕು. ಇದಕ್ಕೆ ಗುಂಪು ಚಿಕ್ಕದಿರಬೇಕು. ನೂರಾರು ಜನರನ್ನು ಮ್ಯೂಟ್‌ನಲ್ಲಿ ಕೂರಿಸಿ ಒಬ್ಬರು ಸ್ಲೈಡ್ ಓದುವ ಸಭೆಯಲ್ಲಿ ಲೈವ್‌ನ ಯಾವ ಲಾಭವೂ ಇಲ್ಲ. ಅಂಥ ಸಭೆಯನ್ನು ರೆಕಾರ್ಡ್ ಮಾಡಿ ಎಲ್‌ಎಂಎಸ್‌ಗೆ ಏರಿಸಿ ಕೋರ್ಸ್ ಎನ್ನುವ ಪದ್ಧತಿಯಂತೂ ಎರಡೂ ವಿಧಾನಗಳ ದೋಷಗಳನ್ನು ಒಂದೆಡೆ ಸೇರಿಸುತ್ತದೆ: ಪ್ರಶ್ನೆ ಕೇಳಲಾಗದು, ಅಭ್ಯಾಸವೂ ಇರದು, ಬೇಕಾದ ಭಾಗವನ್ನು ಹುಡುಕಲೂ ಆಗದು.

ಮಿಶ್ರಣದ ಪರವಾಗಿ ಆಗಾಗ ಉಲ್ಲೇಖವಾಗುವುದು ಅಮೆರಿಕದ ಶಿಕ್ಷಣ ಇಲಾಖೆ 2009ರಲ್ಲಿ ಹೊರತಂದು 2010ರಲ್ಲಿ ಪರಿಷ್ಕರಿಸಿದ ವಿಶ್ಲೇಷಣೆ. ಆನ್‌ಲೈನ್ ಮತ್ತು ಮುಖಾಮುಖಿ ಬೋಧನೆಗಳನ್ನು ಬೆರೆಸಿದ ಕಡೆ ಫಲಿತಾಂಶ ಬರೀ ಮುಖಾಮುಖಿ ಬೋಧನೆಗಿಂತ ಚೆನ್ನಾಗಿತ್ತು ಎಂಬುದು ನಿಜ. ಆದರೆ ಅಂಥ ಕೋರ್ಸುಗಳಲ್ಲಿ ಕಲಿಯುವವರಿಗೆ ಹೆಚ್ಚುವರಿ ಸಮಯ ಮತ್ತು ಸಾಮಗ್ರಿಯೂ ಸಿಕ್ಕಿತ್ತೆಂದು, ಆದ್ದರಿಂದ ಶ್ರೇಯಸ್ಸನ್ನು ಮಾಧ್ಯಮಕ್ಕೆ ಕೊಡಬಾರದೆಂದು ಆ ವರದಿಯೇ ಎಚ್ಚರಿಸಿದೆ. ಮಾರಾಟಗಾರರು ಮೊದಲ ವಾಕ್ಯವನ್ನು ತೋರಿಸುತ್ತಾರೆ, ಎರಡನೆಯದನ್ನು ತೋರಿಸುವುದು ಕಡಿಮೆ. ಮಿಶ್ರಣ ಮಾಡುವುದಾದರೆ ಮಾಹಿತಿಯನ್ನು ಸ್ವಂತ ವೇಗದ ಭಾಗಕ್ಕೆ ಬಿಟ್ಟು, ಲೈವ್ ಸಮಯವನ್ನು ಪೂರ್ತಿಯಾಗಿ ಅಭ್ಯಾಸಕ್ಕೆ ಮೀಸಲಿಡಬೇಕು. ಓದಿಕೊಂಡು ಬರಬೇಕಾದದ್ದನ್ನೇ ತರಬೇತುದಾರರು ಮತ್ತೆ ಹೇಳತೊಡಗಿದರೆ ಮುಂದಿನ ಸಲ ಯಾರೂ ಓದಿಕೊಂಡು ಬರುವುದಿಲ್ಲ.

ಕಿರು ಪಾಠಗಳ ಬಗ್ಗೆ

ಕೆಲವು ವರ್ಷಗಳಿಂದ ಮೈಕ್ರೊಲರ್ನಿಂಗ್ ಎಂಬ ಹೆಸರು ಎಲ್ಲೆಡೆ ಕೇಳುತ್ತಿದೆ. ಮೂರರಿಂದ ಏಳು ನಿಮಿಷದ ತುಣುಕುಗಳಲ್ಲಿ ಕಲಿಸಿದರೆ ಉದ್ಯೋಗಿಗಳು ಬೇಸರಪಡದೆ ನೋಡುತ್ತಾರೆ ಎಂಬ ವಾದಕ್ಕೆ ಒಂದು ಮಟ್ಟದ ಆಧಾರವೂ ಇದೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯಲ್ಲಿ 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದ ಪ್ರಕಾರ, ವಿಡಿಯೊ ಎಷ್ಟೇ ಉದ್ದವಿರಲಿ, ವೀಕ್ಷಣೆಯ ಮಧ್ಯಾಂಕ ಆರು ನಿಮಿಷವನ್ನು ದಾಟಲಿಲ್ಲ. ಆದರೆ ಅದು ಅಳೆದದ್ದು ಎಷ್ಟು ಹೊತ್ತು ನೋಡಿದರು ಎಂಬುದನ್ನು, ಎಷ್ಟು ಕಲಿತರು ಎಂಬುದನ್ನಲ್ಲ.

ಒಂದು ಗಂಟೆಯ ಕೋರ್ಸನ್ನು ಹತ್ತು ತುಂಡು ಮಾಡಿ ಒಂದೇ ದಿನ ತೋರಿಸಿದರೆ ಕಲಿಕೆಯಲ್ಲಿ ದೊಡ್ಡ ಬದಲಾವಣೆ ನಿರೀಕ್ಷಿಸಬಾರದು. ಬದಲಾವಣೆ ಬರುವುದು ಅದೇ ವಿಷಯ ಕೆಲವು ದಿನಗಳ ಅಂತರದಲ್ಲಿ ಮರಳಿ ಬಂದಾಗ, ಅದರಲ್ಲೂ ಪ್ರಶ್ನೆಯ ರೂಪದಲ್ಲಿ ಬಂದಾಗ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಪಾಠವನ್ನು ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದವರು ಅವರನ್ನು ಹಿಂದಿಕ್ಕಿದರು. ಕೋರ್ಸ್ ಮುಗಿದ ತಕ್ಷಣದ ಕ್ವಿಜ್ ಅಂಕಗಳನ್ನು ನಂಬಿ ತೃಪ್ತಿಪಡುವ ಎಲ್ಲರೂ ಈ ಫಲಿತಾಂಶವನ್ನು ಗಮನಿಸಬೇಕೆಂದು ನನಗೆ ಬಹಳ ಅನ್ನಿಸುತ್ತದೆ. ಕಿರು ಪಾಠದ ವೇದಿಕೆಗಳನ್ನು ಹೋಲಿಸುವಾಗ ತುಣುಕು ಎಷ್ಟು ಚಿಕ್ಕದು ಎಂದು ಕೇಳುವ ಬದಲು, ಮೂರನೆಯ ದಿನ, ಹತ್ತನೆಯ ದಿನ ಮತ್ತು ಮುಂದಿನ ತಿಂಗಳು ತಪ್ಪು ಉತ್ತರಿಸಿದ ಪ್ರಶ್ನೆಯೇ ಹೊಸ ಸನ್ನಿವೇಶದಲ್ಲಿ ಮರಳಿ ಬರುವಂತೆ ಮಾಡಬಹುದೇ ಎಂದು ಕೇಳಬೇಕು. ಹಲವು ಭಾಗಗಳನ್ನು ಒಟ್ಟಿಗೆ ತೂಗಿ ನೋಡಬೇಕಾದ ಕೌಶಲಕ್ಕೆ, ಉದಾಹರಣೆಗೆ ಸಾಲದ ಅರ್ಜಿಯೊಂದನ್ನು ಪರಿಶೀಲಿಸಿ ತೀರ್ಮಾನ ಕೊಡುವುದಕ್ಕೆ, ತುಣುಕುಗಳಷ್ಟೇ ಸಾಲುವುದಿಲ್ಲ. ಕಲಿಯುವವರು ಇಡೀ ಪ್ರಕರಣವನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಬೇಕು.

ಇಲ್ಲಿ ಒಂದು ಎಚ್ಚರಿಕೆ. ದೃಶ್ಯದಿಂದ ಕಲಿಯುವವರು, ಕೇಳಿ ಕಲಿಯುವವರು ಎಂದು ಉದ್ಯೋಗಿಗಳನ್ನು ವಿಂಗಡಿಸಿ ಪಾಠ ಹಂಚುತ್ತೇವೆಂದು ಯಾವುದಾದರೂ ವೇದಿಕೆ ಹೇಳಿಕೊಂಡರೆ ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ. 2008ರಲ್ಲಿ ಹೆರಾಲ್ಡ್ ಪ್ಯಾಷ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು ಲಭ್ಯ ಸಂಶೋಧನೆಯನ್ನು ಪರಿಶೀಲಿಸಿ, ಇಂಥ ವಿಂಗಡಣೆಯನ್ನು ಬೋಧನೆಯಲ್ಲಿ ಬಳಸಲು ತಕ್ಕ ಪುರಾವೆ ಇಲ್ಲವೆಂದು ತೀರ್ಮಾನಿಸಿದರು. ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ಮಾಡಿದ್ದರಲ್ಲಿ ಶೇ 90 ನೆನಪಿರುತ್ತದೆ ಎಂದು ತೋರಿಸುವ ತ್ರಿಕೋನದ ಚಿತ್ರವೂ ಹೀಗೆಯೇ. ಅದಕ್ಕೆ ಮೂಲವೆಂದು ಹೇಳಲಾಗುವ ಎಡ್ಗರ್ ಡೇಲ್ ಅವರ 1946ರ ಚಿತ್ರದಲ್ಲಿ ಶೇಕಡಾವಾರು ಅಂಕಿಗಳೇ ಇರಲಿಲ್ಲ.

ಪ್ರಶ್ನೆಯ ಗುಣಮಟ್ಟವೇ ಕೋರ್ಸಿನ ಗುಣಮಟ್ಟ

ಎರಡು ಸಂಸ್ಥೆಗಳ ಮಾದರಿ ಕೋರ್ಸುಗಳು ನಿಮ್ಮ ಮುಂದಿವೆ, ಒಂದನ್ನು ಆರಿಸಬೇಕು ಎಂದುಕೊಳ್ಳಿ. ಆನಿಮೇಷನ್, ಧ್ವನಿ, ಬಣ್ಣ ಎಲ್ಲವನ್ನೂ ಬದಿಗಿಟ್ಟು ನೇರವಾಗಿ ಅವುಗಳ ಪ್ರಶ್ನೆಗಳಿಗೆ ಹೋಗಿ. ಸೈಬರ್ ಸುರಕ್ಷತೆಯ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಕಾಣುವ ಪ್ರಶ್ನೆ ಹೀಗಿರುತ್ತದೆ: "ಫಿಶಿಂಗ್ ಎಂದರೇನು?" ನಾಲ್ಕು ಉತ್ತರಗಳಲ್ಲಿ ಮೂರು ಅಸಂಬದ್ಧವಾಗಿರುತ್ತವೆ, ನಾಲ್ಕನೆಯದು ಎರಡು ಸಾಲು ಉದ್ದವಿದ್ದು ಸರಿಯುತ್ತರ ತಾನೇ ಎಂದು ಸಾರುತ್ತಿರುತ್ತದೆ. ಪಾಠ ನೋಡದವರೂ ಇದರಲ್ಲಿ ಪಾಸಾಗುತ್ತಾರೆ.

ಅದೇ ವಿಷಯವನ್ನು, ಅಂದರೆ ನಕಲಿ ಸಂದೇಶದ ಮೂಲಕ ನಡೆಯುವ ವಂಚನೆಯನ್ನು, ಹೀಗೆ ಕೇಳಬಹುದು. "ಸಂಜೆ 4:50. ಹಣಕಾಸು ವಿಭಾಗದ ಮುಖ್ಯಸ್ಥರ ಹೆಸರಿನಿಂದ ನಿಮಗೆ ಇಮೇಲ್ ಬಂದಿದೆ. ನಮ್ಮ ಕಾಯಂ ಪೂರೈಕೆದಾರರ ಬ್ಯಾಂಕ್ ಖಾತೆ ಬದಲಾಗಿದೆ, ಇಂದಿನ ಪಾವತಿಯನ್ನು ಹೊಸ ಖಾತೆಗೇ ಕಳುಹಿಸಿ, ನಾನು ಸಭೆಯಲ್ಲಿದ್ದೇನೆ, ಸಂದೇಹವಿದ್ದರೆ ಕೆಳಗಿನ ಸಂಖ್ಯೆಗೆ ಕರೆ ಮಾಡಿ ಎಂದು ಅದರಲ್ಲಿದೆ. ಐದು ಗಂಟೆಗೆ ಪಾವತಿಯ ಅವಧಿ ಮುಗಿಯುತ್ತದೆ. ನೀವು ಏನು ಮಾಡುತ್ತೀರಿ?" ಆಯ್ಕೆಗಳು: ಅದೇ ಇಮೇಲಿಗೆ ಉತ್ತರಿಸಿ ಖಚಿತಪಡಿಸಿಕೊಳ್ಳುವುದು, ಇಮೇಲಿನಲ್ಲಿರುವ ಸಂಖ್ಯೆಗೆ ಕರೆ ಮಾಡುವುದು, ಪಾವತಿಯನ್ನು ತಡೆಹಿಡಿದು, ಹಳೆಯ ಕಡತದಲ್ಲಿರುವ ಪೂರೈಕೆದಾರರ ಸಂಖ್ಯೆಗೆ ಕರೆ ಮಾಡುವುದು. ಇಲ್ಲಿ ತಪ್ಪು ಉತ್ತರಗಳು ಜಾಗರೂಕ ಮನುಷ್ಯ ನಿಜವಾಗಿ ಮಾಡಬಹುದಾದ ತಪ್ಪುಗಳು. ಮೊದಲನೆಯದನ್ನು ಆರಿಸಿದವರಿಗೆ "ತಪ್ಪು" ಎಂಬ ಕೆಂಪು ಗುರುತಿನ ಬದಲು, ಎರಡು ನಿಮಿಷದಲ್ಲಿ "ಹೌದು, ಕಳುಹಿಸಿ" ಎಂಬ ಉತ್ತರ ವಂಚಕನಿಂದಲೇ ಬಂದದ್ದನ್ನು ತೋರಿಸಬಹುದು. ಆ ಕ್ಷಣದಲ್ಲಿ ಕಲಿಯುವವನಿಗೆ ಹತ್ತು ಸ್ಲೈಡುಗಳಿಗಿಂತ ಹೆಚ್ಚು ತಿಳಿಯುತ್ತದೆ. ಗಡಿಯಾರದ ಒತ್ತಡ, ಹಿರಿಯರ ಹೆಸರು, ವಂಚಕನೇ ಕೊಟ್ಟ ಸಂಖ್ಯೆ, ಇವೆಲ್ಲ ಆ ಕೆಲಸದಲ್ಲಿ ನಿಜವಾಗಿ ಇರುವಂಥವೇ. ಇಂಥ ಪ್ರಶ್ನೆ ಬರೆಯಲು ಪಾವತಿ ವಿಭಾಗದವರನ್ನು ಮಾತನಾಡಿಸಿಯೇ ತೀರಬೇಕು, ಆದ್ದರಿಂದ ಮಾದರಿ ಕೋರ್ಸಿನಲ್ಲಿ ಇವು ಕಂಡರೆ ವಿನ್ಯಾಸಕರು ತಮ್ಮ ಕೆಲಸ ಮಾಡಿದ್ದಾರೆಂದು ತಿಳಿಯಬಹುದು.

ಕಲಿಯುವವರ ಅನುಭವವನ್ನೂ ಇಲ್ಲಿಯೇ ಗಮನಿಸಬೇಕು. ಹೊಸಬರನ್ನು ನೇರವಾಗಿ ಇಂಥ ಸನ್ನಿವೇಶಕ್ಕೆ ತಳ್ಳಿದರೆ ಅವರು ಊಹೆ ಮಾಡುತ್ತಾರೆ. ಅವರಿಗೆ ಮೊದಲು ಬಿಡಿಸಿ ತೋರಿಸಿದ ಉದಾಹರಣೆಗಳು ಬೇಕು. ಅನುಭವಿಗಳಿಗೆ ಅದೇ ವಿವರಣೆ ಅಡ್ಡಿಯಾಗಬಹುದು ಎಂಬುದನ್ನು ಸ್ಲಾವಾ ಕಲ್ಯುಗ ಮತ್ತು ಜಾನ್ ಸ್ವೆಲ್ಲರ್ ಮುಂತಾದವರ ಸಂಶೋಧನೆ ತೋರಿಸಿದೆ. ಎಲ್ಲರಿಗೂ ಒಂದೇ ಕೋರ್ಸ್ ಕಡ್ಡಾಯ ಮಾಡುವ ಬದಲು, ಮೊದಲೇ ಸನ್ನಿವೇಶಗಳನ್ನು ಕೊಟ್ಟು, ಸರಿಯಾಗಿ ನಿಭಾಯಿಸಿದವರಿಗೆ ಪಾಠದಿಂದ ವಿನಾಯಿತಿ ಕೊಡುವ ವ್ಯವಸ್ಥೆ ಇದ್ದರೆ ಅನುಭವಿಗಳ ಸಮಯವೂ ಉಳಿಯುತ್ತದೆ, ತರಬೇತಿಯ ಬಗ್ಗೆ ಅವರಲ್ಲಿ ಗೌರವವೂ ಉಳಿಯುತ್ತದೆ.

ವಿನ್ಯಾಸದ ಪ್ರಕ್ರಿಯೆ

ಕೋರ್ಸ್ ತಯಾರಿಸಲು ಬಳಸುವ ಅಡ್ಡಿ (ADDIE) ಮತ್ತು ಸ್ಯಾಮ್ (SAM) ಎಂಬ ಎರಡು ಮಾದರಿಗಳ ನಡುವೆ ನಡೆಯುವ ವಾದಕ್ಕೆ ನಾನು ಹೆಚ್ಚು ಮಹತ್ವ ಕೊಡುವುದಿಲ್ಲ. ವಿಶ್ಲೇಷಣೆ, ವಿನ್ಯಾಸ, ತಯಾರಿಕೆ, ಜಾರಿ, ಮೌಲ್ಯಮಾಪನ ಎಂಬ ಐದು ಹಂತಗಳ ಅಡ್ಡಿ ಮಾದರಿ 1975ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಸೇನೆಗಾಗಿ ರೂಪುಗೊಂಡ ಕಾರ್ಯವಿಧಾನದಿಂದ ಬಂದದ್ದು. ಮೈಕೆಲ್ ಆಲೆನ್ ಪ್ರಚಾರಕ್ಕೆ ತಂದ ಸ್ಯಾಮ್ ಪದ್ಧತಿ ಆರಂಭದಲ್ಲೇ ಒರಟು ಮಾದರಿಯೊಂದನ್ನು ಮಾಡಿ, ತೋರಿಸಿ, ತಿದ್ದುತ್ತ ಹೋಗುತ್ತದೆ. ಕಾನೂನು ವಿಭಾಗದ ಲಿಖಿತ ಒಪ್ಪಿಗೆ ಹಂತಹಂತಕ್ಕೂ ಬೇಕಾದ ಕಡೆ ಮೊದಲನೆಯದು ಅನುಕೂಲ. ಬೇಕಾದದ್ದೇನೆಂದು ಯಾರಿಗೂ ಸ್ಪಷ್ಟವಿಲ್ಲದ ಕಡೆ ಎರಡನೆಯದು. ಯಾವುದನ್ನೇ ಆರಿಸಿದರೂ, ಪೂರ್ತಿ ಕೋರ್ಸ್ ಸಿದ್ಧವಾಗುವ ಮುನ್ನ ನಾಲ್ಕೈದು ನಿಜವಾದ ಉದ್ಯೋಗಿಗಳು ಒಂದು ಭಾಗವನ್ನು ಬಳಸುವುದನ್ನು ಪಕ್ಕದಲ್ಲಿ ಕುಳಿತು ನೋಡಬೇಕು.

ಸ್ಕಾರ್ಮ್, ಎಕ್ಸ್‌ಎಪಿಐ, ಸಿಎಂಐ5

ತಾಂತ್ರಿಕ ಮಾನದಂಡದ ಆಯ್ಕೆ ಒಣ ವಿಷಯವೆನಿಸಿದರೂ ಇಲ್ಲಿ ಮಾಡಿದ ತಪ್ಪು ವರ್ಷಗಟ್ಟಲೆ ಕಾಡುತ್ತದೆ. ಸ್ಕಾರ್ಮ್ ಎಂಬುದು ಕೋರ್ಸ್ ಮತ್ತು ಎಲ್‌ಎಂಎಸ್ ಪರಸ್ಪರ ಮಾತನಾಡಲು ಇರುವ ಒಪ್ಪಂದ. ಅದರ 1.2 ಆವೃತ್ತಿ 2001ರಲ್ಲಿ ಬಂತು, ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. ಯಾರು ತೆರೆದರು, ಮುಗಿಸಿದರೇ, ಎಷ್ಟು ಅಂಕ, ಎಷ್ಟು ಸಮಯ ಎಂಬಷ್ಟು ದಾಖಲೆ ಸಾಕಾದರೆ ಇದು ಸಾಕು, ಮತ್ತು ಬಹುತೇಕ ಎಲ್ಲ ಎಲ್‌ಎಂಎಸ್‌ಗಳಲ್ಲೂ ನಡೆಯುತ್ತದೆ. ಇದರ ಒಂದು ಮಿತಿಯನ್ನು ಮಾತ್ರ ಮೊದಲೇ ತಿಳಿದಿರಬೇಕು. ಕಲಿಯುವವರು ಎಲ್ಲಿಗೆ ನಿಲ್ಲಿಸಿದರು, ಯಾವ ಉತ್ತರ ಕೊಟ್ಟರು ಎಂಬ ಗುರುತುಗಳನ್ನು ಇಟ್ಟುಕೊಳ್ಳಲು 1.2 ಆವೃತ್ತಿ ಖಾತರಿ ಕೊಡುವ ಜಾಗ 4,096 ಅಕ್ಷರಗಳಷ್ಟು. ಕವಲೊಡೆಯುವ ಸನ್ನಿವೇಶಗಳು ಹೆಚ್ಚಿರುವ ಉದ್ದನೆಯ ಕೋರ್ಸಿನಲ್ಲಿ ಈ ಜಾಗ ತುಂಬಿಹೋದಾಗ, ಮುಕ್ಕಾಲು ಭಾಗ ಮುಗಿಸಿ ಊಟಕ್ಕೆ ಎದ್ದ ಉದ್ಯೋಗಿ ಮರಳಿ ಬಂದು ತೆರೆದರೆ ಹಳೆಯ ಪುಟಕ್ಕೋ ಮೊದಲ ಪುಟಕ್ಕೋ ಹೋಗಿ ನಿಲ್ಲುತ್ತಾನೆ. ತಯಾರಿಕೆಯ ವೇಳೆ ಪರೀಕ್ಷಿಸುವವರು ಕೋರ್ಸನ್ನು ಒಂದೇ ಬಾರಿಗೆ ಮುಗಿಸುವುದರಿಂದ ಈ ದೋಷ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಸ್ಕಾರ್ಮ್ 2004 ಎಂಬ ಮುಂದಿನ ಆವೃತ್ತಿಯ ಮೂರನೆಯ ಪರಿಷ್ಕರಣೆಯಿಂದ ಈ ಮಿತಿ 64,000 ಅಕ್ಷರಗಳಿಗೆ ಏರಿತು. ಹಳೆಯ ಆವೃತ್ತಿಯಲ್ಲೇ ಉಳಿಯಬೇಕಾದರೆ ಕೋರ್ಸನ್ನು ಚಿಕ್ಕ ಭಾಗಗಳಾಗಿ ಒಡೆಯುವುದು ಸುರಕ್ಷಿತ.

2013ರಲ್ಲಿ 1.0 ಆವೃತ್ತಿಯಾಗಿ ಹೊರಬಂದ ಎಕ್ಸ್‌ಎಪಿಐ, ಎಲ್‌ಎಂಎಸ್‌ನ ಗೋಡೆಯಾಚೆಯ ಕಲಿಕೆಯನ್ನೂ ದಾಖಲಿಸುತ್ತದೆ. ಯಾರು, ಏನು ಮಾಡಿದರು, ಯಾವುದನ್ನು ಎಂಬ ಮೂರು ಭಾಗದ ಹೇಳಿಕೆಗಳಾಗಿ ಸಿಮ್ಯುಲೇಟರ್, ಮೊಬೈಲ್ ಆ್ಯಪ್, ಯಂತ್ರದ ಬಳಿಯ ಟ್ಯಾಬ್ಲೆಟ್ ಎಲ್ಲದರಿಂದಲೂ ಮಾಹಿತಿ ಒಂದು ಸಂಗ್ರಹಕ್ಕೆ ಬರುತ್ತದೆ. ಇದಕ್ಕೆ ಪ್ರತ್ಯೇಕ ದಾಖಲೆ ಸಂಗ್ರಹ ಬೇಕು, ಹೇಳಿಕೆಗಳಲ್ಲಿ ಯಾವ ಪದ ಬಳಸಬೇಕೆಂದು ಮೊದಲೇ ನಿರ್ಧರಿಸಿರಬೇಕು, ಮತ್ತು ಬಂದ ಮಾಹಿತಿಯನ್ನು ಓದಿ ಅರ್ಥಮಾಡಿಕೊಳ್ಳುವವರು ಇರಬೇಕು. ಕೊನೆಯದು ಇಲ್ಲದಿದ್ದರೆ ಇದಕ್ಕೆ ಹಣ ಹಾಕಬೇಡಿ. ಎಲ್‌ಎಂಎಸ್‌ನಿಂದಲೇ ಕೋರ್ಸ್ ತೆರೆಯುವ ಅನುಕೂಲವೂ ಬೇಕು, ವಿವರವಾದ ದಾಖಲೆಯೂ ಬೇಕು ಎನ್ನುವವರಿಗೆ, ಎಕ್ಸ್‌ಎಪಿಐ ಮೇಲೆ ಕಟ್ಟಿದ 2016ರ ಸಿಎಂಐ5 ಒಳ್ಳೆಯ ದಾರಿ. ಆದರೆ ನಿಮ್ಮ ಎಲ್‌ಎಂಎಸ್ ಅದನ್ನು ನಿಜವಾಗಿ ನಡೆಸುತ್ತದೆಯೇ ಎಂದು ಒಂದು ಮಾದರಿ ಕೋರ್ಸ್ ಏರಿಸಿ ನೋಡಿಯೇ ನಂಬಬೇಕು.

ಕೋರ್ಸನ್ನು ಹೊರಗಿನವರಿಂದ ಮಾಡಿಸುವಾಗ ಪ್ರಕಟಿತ ಪ್ಯಾಕೇಜಿನ ಜತೆ ಕೋರ್ಸ್ ತಯಾರಿಸಲು ಬಳಸಿದ ಸಾಫ್ಟ್‌ವೇರಿನ, ಅಂದರೆ ಆಥರಿಂಗ್ ಟೂಲಿನ, ಮೂಲ ಫೈಲುಗಳೂ ನಿಮ್ಮ ಸ್ವತ್ತಾಗಬೇಕೆಂದು ಒಪ್ಪಂದದಲ್ಲಿ ಬರೆಸಿ. ಅಡೋಬಿ ಸಂಸ್ಥೆ ವೆಬ್‌ನಲ್ಲಿ ಆನಿಮೇಷನ್ ಓಡಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶದ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿ, 2021ರ ಜನವರಿ 12ರಿಂದ ಅದರ ಓಟವನ್ನೇ ತಡೆದಾಗ, ಮೂಲ ಫೈಲು ಇಲ್ಲದವರಿಗೆ ತಮ್ಮ ಹಳೆಯ ಫ್ಲ್ಯಾಶ್ ಕೋರ್ಸುಗಳನ್ನು ಮೊದಲಿನಿಂದ ಕಟ್ಟುವುದಲ್ಲದೆ ಬೇರೆ ದಾರಿ ಉಳಿಯಲಿಲ್ಲ.

ಧ್ವನಿ, ಪಠ್ಯ, ಎಐ ಮತ್ತು ಎಲ್ಲರಿಗೂ ಎಟಕುವ ಕೋರ್ಸ್

ಪರದೆಯ ಮೇಲಿರುವ ವಾಕ್ಯಗಳನ್ನೇ ಧ್ವನಿಯಲ್ಲಿ ಓದಿಸುವ ರೂಢಿ ಬಹಳ ಕಡೆ ಇದೆ. ರಿಚರ್ಡ್ ಮೇಯರ್ ಮತ್ತು ಸಹೋದ್ಯೋಗಿಗಳ ಪ್ರಯೋಗಗಳ ಪ್ರಕಾರ, ಚಿತ್ರದ ಜತೆ ಧ್ವನಿ ವಿವರಣೆ ಇರುವಾಗ ಅದೇ ಮಾತನ್ನು ಪಠ್ಯವಾಗಿಯೂ ತೋರಿಸಿದರೆ ಕಲಿಕೆ ಸಾಮಾನ್ಯವಾಗಿ ಕುಗ್ಗುತ್ತದೆ. ಹಾಗೆಂದು ಅಡಿಬರಹವನ್ನೇ ಕೈಬಿಡುವಂತಿಲ್ಲ: ಕಿವಿ ಕೇಳದವರಿಗೆ, ಗದ್ದಲದಲ್ಲಿ ಕೆಲಸ ಮಾಡುವವರಿಗೆ, ಆ ಭಾಷೆಯನ್ನು ಕಲಿಯುತ್ತಿರುವವರಿಗೆ ಅದು ಬೇಕೇ ಬೇಕು. ಬೇಕಾದವರು ತೆರೆದುಕೊಳ್ಳುವಂತೆ ಇಡುವುದು ಸರಿಯಾದ ಪರಿಹಾರ.

ವೆಬ್ ಪುಟಗಳನ್ನು ಅಂಗವಿಕಲರೂ ಬಳಸುವಂತಿರಬೇಕೆಂದು ರೂಪಿಸಿದ, 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಮಾನದಂಡ ವಿನ್ಯಾಸಕರಿಗೆ ನೇರವಾಗಿ ತಟ್ಟುವ ಒಂದು ನಿಯಮವನ್ನು ಸೇರಿಸಿದೆ: ಎಳೆಯುವುದೇ ಅನಿವಾರ್ಯವಾದ ಕೆಲಸವನ್ನು ಬಿಟ್ಟರೆ, ಎಳೆದು ಬಿಡುವ ಕ್ರಿಯೆಯಿಂದ ಆಗುವ ಯಾವ ಕೆಲಸವೇ ಆಗಲಿ, ಎಳೆಯದೆ, ಬರೀ ಒತ್ತಿಯೂ ಮಾಡಲು ಬರಬೇಕು. ಎಳೆದು ಜೋಡಿಸುವ ಕ್ವಿಜ್‌ಗಳನ್ನು ಹೆಮ್ಮೆಯಿಂದ ತೋರಿಸುವ ಮಾರಾಟಗಾರರಿಗೆ, ಮೊದಲು ಎಳೆಯದೆ ಬರೀ ಒತ್ತಿ, ನಂತರ ಮೌಸ್ ಬದಿಗಿಟ್ಟು ಕೀಬೋರ್ಡ್ ಒಂದರಿಂದಲೇ ಅದನ್ನು ಮುಗಿಸಿ ತೋರಿಸಲು ಹೇಳಿ. ಐದು ನಿಮಿಷದ ಈ ಪರೀಕ್ಷೆ ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚು ತಿಳಿಸುತ್ತದೆ.

ಎಐ ವಿಷಯದಲ್ಲಿ ನನ್ನ ನಿಲುವು ಹೀಗಿದೆ. ಉದ್ದನೆಯ ನೀತಿ ದಾಖಲೆಯಿಂದ ಕರಡು ಎತ್ತುವುದು, ಒಂದೇ ಸನ್ನಿವೇಶದ ಹಲವು ರೂಪಗಳನ್ನು ಬರೆಸುವುದು, ಕೃತಕ ಧ್ವನಿಯಿಂದ ಒಂದು ವಾಕ್ಯವನ್ನು ಕ್ಷಣದಲ್ಲಿ ಬದಲಿಸುವುದು, ಅಭ್ಯಾಸಕ್ಕೆ ಸಂಭಾಷಣೆಯ ಎದುರಾಳಿಯನ್ನು ಒದಗಿಸುವುದು, ಇವುಗಳಲ್ಲಿ ಅದರಿಂದ ನಿಜವಾದ ಉಳಿತಾಯವಿದೆ. ಕೆಲಸದಲ್ಲಿ ಜನ ಎಲ್ಲಿ ಎಡವುತ್ತಾರೆ ಎಂಬುದು ಮಾತ್ರ ಯಾವ ನೀತಿ ದಾಖಲೆಯಲ್ಲೂ ಬರೆದಿರುವುದಿಲ್ಲ, ಆದ್ದರಿಂದ ದಾಖಲೆಯಿಂದ ತಾನಾಗಿ ಹುಟ್ಟಿದ ಕೋರ್ಸಿನಲ್ಲಿ ಅದು ಇರುವುದಿಲ್ಲ. ತಪ್ಪು ಮಾಹಿತಿಯನ್ನೂ ಅದು ಸರಾಗವಾದ ಭಾಷೆಯಲ್ಲಿ ಬರೆಯಬಲ್ಲದು. ವಿಷಯ ತಜ್ಞರು ಸಾಲು ಸಾಲಾಗಿ ಓದಿ ಒಪ್ಪಿಗೆ ಕೊಡುವ ಹಂತವನ್ನು ಬಿಡಲೇಬಾರದು. ಎಐನಿಂದ ಉಳಿತಾಯವಾದ ಸಮಯವನ್ನು ಹೆಚ್ಚು ಕೋರ್ಸುಗಳನ್ನು ಹೊರತರಲು ಬಳಸುವ ಸಂಸ್ಥೆಗಿಂತ, ಉದ್ಯೋಗಿಗಳನ್ನು ಮಾತನಾಡಿಸಲು ಬಳಸುವ ಸಂಸ್ಥೆಯನ್ನು ಆರಿಸಿ.

ಫಲ ಬಂದಿತೆಂದು ತಿಳಿಯುವುದು ಹೇಗೆ

ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಿಂದ ಲೇಖನಗಳ ಮೂಲಕ ಮುಂದಿಟ್ಟ ನಾಲ್ಕು ಹಂತಗಳು, ಅಂದರೆ ಪ್ರತಿಕ್ರಿಯೆ, ಕಲಿಕೆ, ನಡವಳಿಕೆ ಮತ್ತು ಫಲಿತಾಂಶ, ಇಂದಿಗೂ ಈ ಕ್ಷೇತ್ರದ ಸಾಮಾನ್ಯ ಅಳತೆಗೋಲು. ಹೆಚ್ಚಿನವರು ಮೊದಲನೆಯದರಲ್ಲೇ ನಿಲ್ಲುತ್ತಾರೆ, ಏಕೆಂದರೆ ಕೊನೆಯಲ್ಲಿ ಒಂದು ಫಾರಂ ತುಂಬಿಸುವುದು ಸುಲಭ. ಆದರೆ 1997ರಲ್ಲಿ ಜಾರ್ಜ್ ಆಲಿಗರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ತರಬೇತಿ ಇಷ್ಟವಾಯಿತೇ ಎಂಬುದಕ್ಕೂ ಕಲಿಕೆಗೂ ನಡುವಿನ ಸಂಬಂಧ ಇಲ್ಲವೆನ್ನುವಷ್ಟು ಕ್ಷೀಣವಾಗಿತ್ತು. ಎಷ್ಟು ಜನ ಕೋರ್ಸ್ ಮುಗಿಸಿದರು ಎಂಬ ಅಂಕಿಯೂ ಕಡ್ಡಾಯ ಕೋರ್ಸುಗಳಲ್ಲಿ ಹೆಚ್ಚೇನನ್ನೂ ಹೇಳುವುದಿಲ್ಲ.

ಪ್ರತಿ ಕೋರ್ಸಿಗೂ ನಾಲ್ಕು ಹಂತದ ಅಳತೆ ಬೇಕಿಲ್ಲ. ತಪ್ಪಿನ ಹಾನಿ ದೊಡ್ಡದಿರುವ ಒಂದೆರಡು ಕೋರ್ಸುಗಳನ್ನು ಆರಿಸಿ, ಅವುಗಳಲ್ಲಿ ಮೂರನೆಯ ಹಂತವನ್ನು ಸರಿಯಾಗಿ ಅಳೆಯಿರಿ: ಮರಳಿ ಬಂದ ಅರ್ಜಿಗಳ ಸಂಖ್ಯೆ, ಸಹಾಯವಾಣಿಗೆ ಬಂದ ಒಂದೇ ಬಗೆಯ ಪ್ರಶ್ನೆಗಳು, ಮೇಲ್ವಿಚಾರಕರು ಚೆಕ್‌ಲಿಸ್ಟ್ ಹಿಡಿದು ನೋಡಿದ ಹತ್ತು ಪ್ರಕರಣಗಳು, ಯಾವುದಾದರೂ ಆಗಬಹುದು. ಪ್ರಶ್ನೆವಾರು ಉತ್ತರಗಳ ವರದಿಯನ್ನು ಎಲ್‌ಎಂಎಸ್‌ನಿಂದ ತೆಗೆಯಲು ಬರುತ್ತದೆಯೇ ಎಂಬುದನ್ನು ಖರೀದಿಯ ಸಮಯದಲ್ಲೇ ಕೇಳಿ. ಬರೀ ಒಟ್ಟು ಅಂಕ ಸಿಕ್ಕಿದರೆ ಯಾವ ಪಾಠ ದುರ್ಬಲವೆಂದು ತಿಳಿಯುವುದಿಲ್ಲ. ಆ ದಾಖಲೆಗಳನ್ನು ಇಟ್ಟುಕೊಂಡಿರುವ ವಿಭಾಗದ ಒಪ್ಪಿಗೆಯನ್ನು ಕೋರ್ಸ್ ತಯಾರಾಗುವ ಮುನ್ನವೇ ಪಡೆದು, ಹಿಂದಿನ ಮೂರು ತಿಂಗಳ ಅಂಕಿಗಳನ್ನು ಆಗಲೇ ತೆಗೆದಿಟ್ಟುಕೊಳ್ಳಿ. ತರಬೇತಿ ಶುರುವಾದ ಮೇಲೆ, ಅದಕ್ಕೂ ಮೊದಲು ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಅಳೆಯಲು ಸಾಧ್ಯವಾಗುವುದಿಲ್ಲ.